ಅಳು ನಿಂತ ಮಟ್ಟ

ಅಡುಗೆಮನೆಯಲ್ಲಿ ಒಂದು ತಟ್ಟೆ ಜಾರಿತು. ಬೀಳಲಿಲ್ಲ, ಒರಗಿಸಿಟ್ಟಿದ್ದ ಜಾಗದಿಂದ ಬೆರಳಗಲ ಸರಿದು ಪಕ್ಕದ ತಟ್ಟೆಗೆ ತಾಗಿ ಟಣ್ ಎಂದು ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು, ಅಷ್ಟೆ. ಸರಿರಾತ್ರಿಯಲ್ಲಿ ಅಂಥ ಸದ್ದಿಗೂ ಮನೆಯೆಲ್ಲ ಒಮ್ಮೆ ಮಗ್ಗುಲು ಬದಲಿಸುತ್ತದೆ. ಮಂಚದ ತುದಿಯಲ್ಲಿ ಗೋಡೆಗೆ ಒರಗಿ ಮಗುವಿಗೆ ಹಾಲೂಡಿಸುತ್ತಿದ್ದ ಅವಳ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ಮಲಗಿದ್ದ ಗಂಡ ನಿದ್ದೆಯಲ್ಲೇ ಕಾಲು ಮಡಚಿಕೊಂಡ. ಆಚೆ ಕೋಣೆಯಲ್ಲಿ ಅತ್ತೆ ಕೆಮ್ಮಿದರು. ಮಗು ಮಾತ್ರ ಏನೂ ಮಾಡಲಿಲ್ಲ. ಅದು ನಿದ್ದೆ ಹೋಗಿರಲಿಲ್ಲ. ಬೀದಿದೀಪದ ಬೆಳಕು ಪರದೆಯ ಸಂದಿಯಿಂದ ನೇರ ಅದರ ಮುಖದ ಮೇಲೆ ಬಿದ್ದಿತ್ತು, ಕಣ್ಣು ತೆರೆದೇ ಇದ್ದವು. ಎವೆ ಅಲುಗಲಿಲ್ಲ. ಚೀಪುತ್ತಿದ್ದ ಬಾಯಿ ಒಂದು ಗುಟುಕಿನ ಮಟ್ಟಿಗೂ ನಿಲ್ಲಲಿಲ್ಲ. ಬೇರೆ ಯಾವ ತಾಯಿಯಾದರೂ, ಸದ್ಯ ಬೆಚ್ಚಿಬೀಳಲಿಲ್ಲವಲ್ಲ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆದರೆ ಚೀಪುವುದು ನಿಲ್ಲುತ್ತದೆಯೇ ಇಲ್ಲವೇ ಎಂದು ನೋಡುವುದೇ ಅವಳ ಕೆಲಸ. ಅದಕ್ಕೇ ಅವಳಿಗೆ ಸಂಬಳ ಕೊಡುತ್ತಾರೆ.

ಅವಳು ಕೆಲಸ ಮಾಡುವ ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಬೂದುಬಣ್ಣದ ದಪ್ಪ ಸ್ಪಂಜು ಅಂಟಿಸಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ತನ್ನ ಎಂಜಲು ನುಂಗುವ ಸದ್ದೂ ತನಗೆ ಕೇಳುತ್ತದೆ. ದೊಡ್ಡವರಾದರೆ ಕಿವಿಗೆ ಹೆಡ್‌ಫೋನು ಹಾಕಿ, ಕೇಳಿಸಿದಾಗ ಗುಂಡಿ ಒತ್ತಿ ಎನ್ನಬಹುದು. ಮಕ್ಕಳಿಗೆ ಹಾಗೆ ಹೇಳುವಂತಿಲ್ಲ. ಅದಕ್ಕೆ ಗಿಲಕಿ, ಗಂಟೆ, ಕಾಗದ ಮುದುಡುವ ಸದ್ದು. ಅದಕ್ಕೇ ಆಸ್ಪತ್ರೆಯಲ್ಲಿ ಅವಳಿಗೆ ಗಂಟೆ ಮೇಡಂ ಎಂದು ಹೆಸರು. ಸದ್ದನ್ನು ಮೊದಲು ಜೋರಾಗಿ ಕೊಡಬೇಕು, ಮಗು ತಿರುಗಿದರೆ ಒಂದು ಮೆಟ್ಟಿಲು ಇಳಿಸಬೇಕು, ಮತ್ತೆ ತಿರುಗಿದರೆ ಮತ್ತೊಂದು ಮೆಟ್ಟಿಲು. ತಿರುಗುವುದು ನಿಂತ ಕಡೆ ಆ ಮಗುವಿಗೆ ಕೇಳಿಸುವ ಎಲ್ಲೆ ಇದೆ. ಅವಸರ ಮಾಡಬಾರದು, ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಕಾಯಬೇಕು. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುವುದೇ ಇಷ್ಟು. ಉಳಿದದ್ದು ತಾಳ್ಮೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಈ ಮಗು ಹೊತ್ತು ಮುಳುಗುವುದೇ ತಡ ಅಳಲು ಶುರುಮಾಡುತ್ತಿತ್ತು. ಮುಷ್ಟಿ ಬಿಗಿದು, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪೇರಿ ಅಳುತ್ತಿದ್ದ ಆ ಅಳುವಿನಲ್ಲಿ ಒಂದು ದೂರು ಇರುತ್ತಿತ್ತು. ಗಂಡ ಲಿಫ್ಟ್ ರಿಪೇರಿಯವನು; ದಿನವಿಡೀ ಬೇರೆಯವರ ಮನೆಗಳ ಕತ್ತಲ ಬಾವಿಯಲ್ಲಿ ನೇತಾಡಿ ಬಂದವನು ಮಗುವನ್ನು ಹೆಗಲಿಗೆ ಹಾಕಿಕೊಂಡು, "ಇದಕ್ಕೆ ಯಾವ ಗುಂಡಿ ಒತ್ಬೇಕೋ ಗೊತ್ತಾಗ್ತಿಲ್ವಲ್ಲ ಮಾರಾಯ್ತಿ" ಎಂದು ತಿರುಗಾಡುತ್ತಿದ್ದ. ಅತ್ತೆ ಒಂದು ಸಂಜೆ ಮಗುವಿನ ಹೊಟ್ಟೆ ನೀವುತ್ತಾ, ಅವಳ ಕಡೆ ನೋಡದೆಯೇ, "ಮಧ್ಯಾಹ್ನ ಏನು ತಿಂದ್ಯೇ?" ಎಂದು ಕೇಳಿದರು. ಅಷ್ಟೇ. ಅದರಲ್ಲಿ ಆಪಾದನೆ ಇರಲಿಲ್ಲ. ಮಳೆ ಬರುತ್ತಾ ಎಂದು ಕೇಳುವ ಹಾಗೆ ಕೇಳಿದ್ದರು. ಮತ್ತೆ ಕೇಳಿದ ನೆನಪೂ ಅವಳಿಗಿಲ್ಲ. ಆದರೆ ಪ್ರಶ್ನೆ ಅತ್ತೆಯ ಬಾಯಿಂದ ಇಳಿದು ಅವಳೊಳಗೆ ಬಂದು ಕೂತುಬಿಟ್ಟಿತು. ಮಧ್ಯಾಹ್ನ ಏನು ತಿಂದೆ. ಒಂದು ಲೋಟ ಹಾಲು ಕುಡಿದಿದ್ದೆ. ಹಾಗಾದರೆ ಹಾಲು ಬೇಡ.

ಹಾಲು ಬಿಟ್ಟ ಮೇಲೆ ಮಗು ಒಂದು ಸಂಜೆ ಕಡಿಮೆ ಅತ್ತಿತು, ಅಥವಾ ಅವಳಿಗೆ ಹಾಗೆನಿಸಿತು. ಆಮೇಲೆ ಮತ್ತೆ ಅತ್ತಿತು. ಮೊಟ್ಟೆ ಬಿಟ್ಟಳು. ಮೀನು ಹೇಗೂ ಸೇರುತ್ತಿರಲಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ದಿನ ತಟ್ಟೆಯಲ್ಲಿದ್ದ ಮೀನಿನ ಕಣ್ಣು ನೋಡಿ ಎದ್ದು ಹೋದವಳು ಅಂದಿನಿಂದ ಮೀನು ಮಾಂಸ ಮುಟ್ಟಿರಲಿಲ್ಲ. ಬಸುರಿಯಾಗಿದ್ದಾಗಲಂತೂ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬೇಳೆ ಬಿಟ್ಟಳು, ಕಡಲೆಕಾಯಿ ಬಿಟ್ಟಳು, ಕೋಸು, ಟೊಮ್ಯಾಟೊ, ಬೆಳ್ಳುಳ್ಳಿ. ಒಮ್ಮೆಗೆ ಒಂದು, ಬಿಟ್ಟ ಮೇಲೆ ಕಾಯುವುದು. ಇದನ್ನು ಅವಳು ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದರೆ ಬಾಣಂತಿಯ ಹುಚ್ಚು ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರದೂ ಊಟವಾದ ಮೇಲೆ, ಮಗುವಿಗೆ ಹಾಲೂಡಿಸಿ ಬರುತ್ತೇನೆ ಎಂಬ ನೆಪದಲ್ಲಿ, ತಡವಾಗಿ ಒಬ್ಬಳೇ ಊಟಕ್ಕೆ ಕೂರುವುದನ್ನು ರೂಢಿ ಮಾಡಿಕೊಂಡಳು. ಬರಿಯ ಅನ್ನ, ಬೇಯಿಸಿದ ಕುಂಬಳಕಾಯಿ, ಬ್ರೆಡ್ಡು, ಹಾಲಿಲ್ಲದ ಟೀ. ಅತ್ತೆ ಬಡಿಸಿಟ್ಟು ಮುಚ್ಚಿಟ್ಟದ್ದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕುತ್ತಿದ್ದಳು. ಪ್ರತಿ ಸಲವೂ ಅದೊಂದು ಕಳ್ಳತನ ಎನಿಸುತ್ತಿತ್ತು, ಆದರೆ ತನ್ನದನ್ನೇ ತಾನು ಕದಿಯುವ ಕಳ್ಳತನ. ಆಮೇಲೆ ಒಂದು ಸಂಜೆ ಮಗು ಅಳಲಿಲ್ಲ. ಮಾರನೆಯ ಸಂಜೆಯೂ ಅಳಲಿಲ್ಲ. ಅವಳು ಕಿಟಕಿಯ ಬಳಿ ನಿಂತು ಬೀದಿಯ ಸದ್ದನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡಳು, ಬಸ್ಸಿನ ಬ್ರೇಕು, ಯಾರೋ ಶಟರ್ ಎಳೆದದ್ದು, ಮೇಲಿನ ಮನೆಯ ಟೀವಿ. ಎಷ್ಟು ದಿನಗಳಿಂದ ಇವೆಲ್ಲ ಅಳುವಿನಡಿ ಮುಚ್ಚಿಹೋಗಿದ್ದವು. ಹೊಟ್ಟೆ ಹಸಿದು ತಲೆ ತಿರುಗುತ್ತಿತ್ತು. ಆದರೂ ಆ ಸಂಜೆ ಅವಳಿಗೆ ಆದ ಸುಖವನ್ನು ಹೆಮ್ಮೆ ಎನ್ನದೆ ಬೇರೆ ಹೆಸರಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಿರುಗುವುದು ನಿಂತ ಮಟ್ಟವನ್ನು ಅವಳು ಕಂಡುಹಿಡಿದಿದ್ದಳು.

ಆಮೇಲೆ ಎಲ್ಲರೂ ಹೊಗಳುವವರೇ. ಮೇಲಿನ ಮನೆಯಾಕೆ ಬಟ್ಟೆ ಒಣಹಾಕಲು ಹೋಗುವಾಗ ಬಾಗಿಲಲ್ಲಿ ಇಣುಕಿ, "ಇಂಥ ಮಗು ಆದ್ರೆ ಇನ್ನೂ ನಾಲ್ಕು ಹೆರಬಹುದು ಬಿಡಮ್ಮ, ಇದೆ ಅಂತಾನೇ ಗೊತ್ತಾಗಲ್ಲ" ಎನ್ನುತ್ತಿದ್ದಳು. ಅತ್ತೆ ಮಗುವಿಗೆ ದೊರೆ ಎಂದು ಹೆಸರಿಟ್ಟರು. "ನೋಡು, ಗದ್ದುಗೆ ಮೇಲೆ ಕೂತ ಹಾಗೆ, ಯಾರ ಗೊಡವೆಯೂ ಬೇಡ ನಮ್ಮ ದೊರೆಗೆ." ಅವಳು ಅರ್ಧ ದಿನದ ಕೆಲಸಕ್ಕೆ ಮರಳಿದಳು. ಅದೆಲ್ಲದರ ನಡುವೆ ಮಗುವಿನ ಮುಖದಲ್ಲಿ ಆಗಷ್ಟೇ ಮೂಡುತ್ತಿದ್ದ ಒಂದು ಮುಗುಳ್ನಗು, ಬಾಯಿಯ ಒಂದು ಮೂಲೆಯಲ್ಲಿ ಹೊರಟು ಇನ್ನೊಂದಕ್ಕೆ ತಲುಪಲು ತುಸು ಹೊತ್ತು ಬೇಕಾಗುತ್ತಿದ್ದ ಅದು, ಯಾವಾಗ ಬರುವುದು ನಿಂತಿತೆಂದು ಯಾರೂ ಗಮನಿಸಲಿಲ್ಲ. ಗಮನಿಸುವುದೇ ಕಸುಬಾದವಳೂ ಗಮನಿಸಲಿಲ್ಲ. ಬಂದದ್ದು ಕಣ್ಣಿಗೆ ಬೀಳುತ್ತದೆ, ಬಾರದೇ ಹೋದದ್ದು ಬೀಳುವುದಿಲ್ಲ.

ಕೇಳಿಸುತ್ತಿಲ್ಲ ಎಂದು ಅವಳು ತೀರ್ಮಾನಿಸಿದ್ದು ಆ ತಟ್ಟೆಯ ಸದ್ದಿನ ಮರುದಿನ. ತಿರುಗದ ಮಗು ಎಂದರೆ ಕೇಳದ ಮಗು; ಅವಳ ಲೋಕದಲ್ಲಿ ಅದಕ್ಕೆ ಬೇರೆ ಅರ್ಥವಿರಲಿಲ್ಲ. ವಿಚಿತ್ರವೆಂದರೆ ಆ ತೀರ್ಮಾನದಲ್ಲಿ ಒಂದು ನಿರಾಳವಿತ್ತು. ಕಿವಿಯಾದರೆ ಯಂತ್ರವಿದೆ, ಶಸ್ತ್ರಚಿಕಿತ್ಸೆಯಿದೆ, ಮಾತು ಕಲಿಸುವವರಿದ್ದಾರೆ, ಎಲ್ಲರ ಫೋನ್ ನಂಬರೂ ತನ್ನ ಬಳಿ ಇದೆ. ಕಿವುಡು ಯಾರ ತಪ್ಪೂ ಅಲ್ಲ. ಮಧ್ಯಾಹ್ನ ಆಸ್ಪತ್ರೆಯ ಆ ಭಾಗ ಖಾಲಿಯಾಗುವ ಹೊತ್ತಿಗೆ ಅತ್ತೆಗೆ, "ಹೀಗೇ ಒಂದು ಸುತ್ತು ಹೋಗಿ ಬರ್ತೀವಿ" ಎಂದು ಹೇಳಿ ಮಗುವನ್ನು ಎತ್ತಿಕೊಂಡು ಹೋದಳು. ಜೊತೆಗೆ ಕೆಲಸ ಮಾಡುವವಳು, ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು ಇಟ್ಟುಕೊಂಡಿರುವವಳು, ಇನ್ನೂ ಹೋಗಿರಲಿಲ್ಲ. "ಏನ್ ಮೇಡಂ, ಮನೆ ಮಗಂಗೂ ಗಂಟೆ ಹೊಡೀತೀರಾ?" ಎಂದು ನಕ್ಕಳು. ಅವಳೂ ನಕ್ಕು, "ಸುಮ್ನೆ. ಮಷೀನು ಸರಿಯಿದ್ಯಾ ನೋಡೋಣ ಅಂತ" ಎಂದಳು.

ಮಗು ನಿದ್ದೆ ಹೋಗುವ ತನಕ ಕಾದು, ಹಣೆಯ ಮೇಲೊಂದು, ಎರಡೂ ಕಿವಿಯ ಹಿಂದೆ ಒಂದೊಂದು ತಂತಿ ಅಂಟಿಸಿದರು. ಇದು ಕೇಳಿ ಹೇಳುವ ಪರೀಕ್ಷೆಯಲ್ಲ. ಸದ್ದು ಕಿವಿಯೊಳಕ್ಕೆ ಹೋಗಿ ನರದ ದಾರಿ ಹಿಡಿದು ಮೆದುಳಿನ ಬುಡಕ್ಕೆ ಮುಟ್ಟಿದರೆ ಪರದೆಯ ಮೇಲೆ ಸಣ್ಣ ಸಣ್ಣ ಗುಡ್ಡಗಳ ಸಾಲು ಮೂಡುತ್ತದೆ. ಅವಳು ಎಷ್ಟು ತಾಯಂದಿರನ್ನು ಈ ಕುರ್ಚಿಯಲ್ಲಿ ಕೂರಿಸಿದ್ದಳೋ. ಇವತ್ತು ತಾನೇ ಕೂತಿದ್ದಳು, ಕುರ್ಚಿ ಇಷ್ಟು ತಗ್ಗಾಗಿದೆ ಎಂದು ಮೊದಲ ಸಲ ತಿಳಿಯಿತು. ಸದ್ದು ಇಳಿಸುತ್ತ ಹೋದಂತೆ ಗುಡ್ಡಗಳು ಚಿಕ್ಕವಾದವು, ಆದರೆ ನಿಂತೇ ಇದ್ದವು. ಪಿಸುಮಾತಿಗಿಂತ ಕೆಳಗೆ ಇಳಿಸಿದರೂ ಇದ್ದವು. ಕೊನೆಯ ಗುಡ್ಡ ಬರುವುದು ಕೂದಲೆಳೆಯಷ್ಟು ತಡವಾಗುತ್ತಿದೆಯೇ ಎಂದು ಅವಳಿಗೊಂದು ಅನುಮಾನ ಬಂತು, ಜೊತೆಯವಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. "ಕಿವಿ ಅಪರಂಜಿ ಚಿನ್ನ ಮೇಡಂ," ಎಂದಳು ಪೆಪ್ಪರ್‌ಮಿಂಟನ್ನು ಕೆನ್ನೆಯ ಆ ಬದಿಗೆ ತಳ್ಳಿ. "ನೀವು ಮನೇಲಿ ಗುಟ್ಟಾಗಿ ಮಾತಾಡೋದೆಲ್ಲಾ ಕೇಳಿಸ್ಕೊಂಡು ಬಿಡ್ತಾನೆ. ಸಿಹಿ ಕೊಡ್ಸಿ." ತಂತಿ ಬಿಚ್ಚುವಾಗ ಮಗು ಎಚ್ಚರಗೊಂಡಿತು. ಅಂಟು ಕಿತ್ತರೆ ಮಕ್ಕಳು ಕಿರುಚುತ್ತವೆ. ಇದು ಚಾವಣಿ ನೋಡಿತು. ಹಾಗಾದರೆ ತಟ್ಟೆಯ ಸದ್ದು ಒಳಗೆ ಹೋಗಿದೆ. ತನ್ನ ದನಿಯೂ ಹೋಗಿದೆ, ಇಷ್ಟು ದಿನವೂ ಹೋಗುತ್ತಲೇ ಇದೆ, ದಾರಿಯುದ್ದಕ್ಕೂ ಎಲ್ಲ ಬಾಗಿಲು ತೆರೆದಿವೆ, ಕೊನೆಯ ಮನೆಯಲ್ಲಿ ಮಾತ್ರ ಯಾರೂ ಎದ್ದು ಬರುತ್ತಿಲ್ಲ. ಹೊರಗಿನ ಕಾರಿಡಾರಿನ ಬೆಳಕಿಗೆ ಬಂದಾಗ ಅವಳಿಗೆ ಮಗುವಿನ ತಲೆ ತನ್ನ ತೋಳಿನಲ್ಲಿ ಒದ್ದೆ ಬಟ್ಟೆಯ ಗಂಟಿನ ಹಾಗೆ ಭಾರವಾಗಿ ಜೋತುಬಿದ್ದಿರುವುದು ತಿಳಿಯಿತು. ಈ ವಯಸ್ಸಿಗೆ ಕತ್ತು ನಿಲ್ಲಬೇಕಿತ್ತು.

ಮಕ್ಕಳ ಡಾಕ್ಟರ ಬಳಿಗೆ ಅತ್ತೆಯೂ ಬಂದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮಾತಾಡುವವರು. ಮಗುವಿನ ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿದರು. ಮೈ ಬಂತು, ತಲೆ ಹಿಂದೆಯೇ ಉಳಿಯಿತು. ಕೆಂಪು ಚೆಂಡೊಂದನ್ನು ಕಣ್ಣೆದುರು ಆಡಿಸಿದರು. ಕಣ್ಣು ಚೆಂಡಿನ ಜೊತೆ ತುಸು ದೂರ ಹೋಗಿ, ಯಾಕೆ ಹೋಗಬೇಕು ಎನ್ನುವ ಹಾಗೆ ಬಿಟ್ಟುಬಿಟ್ಟವು. ಕೆಳರೆಪ್ಪೆ ಎಳೆದು ನೋಡಿದರು, ಬೆಳ್ಳಗಿತ್ತು. ಆಮೇಲೆ ಮುಷ್ಟಿ ಬಿಡಿಸಿ ಬೆರಳ ಗೆಣ್ಣುಗಳನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಚರ್ಮ ಕಪ್ಪಗಾಗಿತ್ತು. ಅವಳು ಅದನ್ನು ನೋಡಿದ್ದಳು, ಕೊಳೆ ಎಂದುಕೊಂಡು ಸ್ನಾನದಲ್ಲಿ ಉಜ್ಜಿದ್ದಳು.

"ಎದೆಹಾಲು ಮಾತ್ರಾನಾ?"

"ಹೌದು. ಬೇರೆ ಏನೂ ಕೊಟ್ಟಿಲ್ಲ," ಎಂದಳು. ಇದಕ್ಕೆ ಹೊಗಳಿಕೆ ಬರುತ್ತದೆಂದು ಅವಳೊಳಗಿನ ಯಾವುದೋ ಒಂದು ಮೂಲೆ ಕಾಯುತ್ತಿತ್ತು.

"ನೀವೇನು ತಿಂತೀರಿ?"

ಅದೇ ಪ್ರಶ್ನೆ. "ಎಲ್ಲಾ ತಿಂತೀನಿ," ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಯಾರಾದರೂ ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತೇವಲ್ಲ, ಹಾಗೆ ಬಾಯಿಗೆ ಬಂದಿತ್ತು.

"ಎಲ್ಲಾ ಅಂದ್ರೆ? ಹಾಲು, ಮೊಸರು, ಮೊಟ್ಟೆ?"

"ಹೂಂ, ಎಲ್ಲಾ."

ಡಾಕ್ಟರು ಹುಬ್ಬು ಗಂಟಿಕ್ಕಿದರು. ಅವರ ಮನಸ್ಸು ಒಂದು ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುತ್ತಿರುವುದು ಅವಳಿಗೆ ಕಾಣಿಸುತ್ತಿತ್ತು. ತಲೆಯ ಸ್ಕ್ಯಾನ್ ಮಾಡಿಸಬೇಕಾಗುತ್ತೆ, ಬೇರೆ ಊರಿನ ದೊಡ್ಡ ಆಸ್ಪತ್ರೆ, ಸರದಿ ಸಿಗುವುದಕ್ಕೆ ಸ್ವಲ್ಪ ದಿನ ಹಿಡಿಯುತ್ತೆ ಎಂದು ಹೇಳತೊಡಗಿದರು. ಅವಳು ತಲೆಯಾಡಿಸುತ್ತಿದ್ದಳು. ಈಗ ಬಾಯಿ ಬಿಡಬೇಕು ಎಂದು ತಿಳಿದಿತ್ತು. ಬಾಯಿ ಬಿಟ್ಟರೆ ಬರುವ ಮೊದಲ ಪದ ಯಾವುದಿರಬೇಕು ಎಂದು ಹುಡುಕುತ್ತಿದ್ದಳು. ಪದಗಳ ವಿಷಯದಲ್ಲಿ ಅವಳದು ಮೊದಲಿಂದಲೂ ಅತಿ ಎಚ್ಚರ. ಸರಿಯಾದ ಪದ ಸಿಗದಿದ್ದರೆ ಮಾತೇ ಆಡದವಳು.

"ಸುಳ್ಳು," ಎಂದರು ಅತ್ತೆ.

ಡಾಕ್ಟರು ಅತ್ತ ತಿರುಗಿದರು. ಅತ್ತೆ ಮಡಿಲಲ್ಲಿದ್ದ ಮಗುವಿನ ಟೊಪ್ಪಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿಕೊಂಡೇ ಹೇಳಿದರು, "ಏನೂ ತಿನ್ನಲ್ಲ ಡಾಕ್ಟ್ರೇ ಇವಳು. ತಟ್ಟೆ ತೊಳೆಯೋಳು ನಾನು. ತಿಂದ ತಟ್ಟೆ ಯಾವ್ದು, ಚೆಲ್ಲಿದ ತಟ್ಟೆ ಯಾವ್ದು ಅಂತ ನನಗೆ ಗೊತ್ತಾಗಲ್ವಾ? ಅನ್ನ, ಕುಂಬಳಕಾಯಿ. ಅಷ್ಟೇ ಇವಳ ಸಂಸಾರ."

ಗೋಡೆಯ ಮೇಲೆ ಜಿರಾಫೆಯ ಚಿತ್ರವಿತ್ತು, ಅದರ ಕತ್ತಿನುದ್ದಕ್ಕೂ ಎತ್ತರ ಅಳೆಯುವ ಗೆರೆಗಳು. ಅವಳು ಜಿರಾಫೆಯನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು. ಸಂಜೆಯ ಅಳು, ಹಾಲು, ಮೊಟ್ಟೆ, ಬೇಳೆ, ಒಂದೊಂದಾಗಿ ಇಳಿದು ಬಂದದ್ದು. ಹೇಳುವಾಗ ಅದೆಲ್ಲ ತುಂಬ ಕ್ರಮಬದ್ಧವಾಗಿ ಕೇಳಿಸಿತು, ಬೇರೆ ಯಾರದೋ ವರದಿ ಓದಿದ ಹಾಗೆ. ಡಾಕ್ಟರು ಕೊನೆಗೆ ಕನ್ನಡಕವನ್ನು ತಲೆಯಿಂದ ಇಳಿಸಿ ಮೂಗಿನ ಮೇಲೆ ಕೂರಿಸಿಕೊಂಡು, "ಆ ಸಂಜೆ ಅಳು ಇದ್ಯಲ್ಲ, ಅದು ಮೂರು ತಿಂಗಳಾಗೋ ಹೊತ್ತಿಗೆ ಹೆಚ್ಚು ಕಡಿಮೆ ಎಲ್ಲಾ ಮಕ್ಕಳಲ್ಲೂ ತಾನಾಗೇ ನಿಲ್ಲತ್ತಮ್ಮ," ಎಂದರು. "ತಾಯಿ ಏನು ತಿಂದ್ರೂ ನಿಲ್ಲತ್ತೆ."

ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಮಾತಿಗೆ. ಮುಂದಿನದನ್ನು ಅವಳು ಅರ್ಧ ಕೇಳಿದಳು. ಬಿ ಟ್ವೆಲ್ವ್ ಎಂಬ ಒಂದು ಜೀವಸತ್ವ. ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಂಥವುಗಳಲ್ಲಿ. ತಾಯಿಯ ಮೈಯಲ್ಲಿ ಇದ್ದರೆ ತಾನೆ ಹಾಲಿಗೆ ಬರುವುದು. "ನಿಮ್ಮಲ್ಲಿ ಮೊದ್ಲಿಂದ್ಲೇ ಕಡಿಮೆ ಇತ್ತು ಅನ್ಸುತ್ತೆ. ಉಳಿದಿದ್ದನ್ನೂ ನೀವು ಬಂದ್ ಮಾಡಿದ್ರಿ. ಈ ವಯಸ್ಸಲ್ಲಿ ಮೆದುಳು ಬೆಳೆಯೋ ವೇಗ ಮುಂದೆ ಯಾವತ್ತೂ ಇರಲ್ಲ. ನರಗಳಿಗೆ ಹೊದಿಕೆ ಬೆಳೀಬೇಕು, ಅದಕ್ಕೆ ಇದು ಬೇಕೇ ಬೇಕು. ಸಿಗದಿದ್ರೆ ಮಗು ಸುಮ್ಮನಾಗಿಬಿಡತ್ತೆ. ಅದನ್ನೇ ಜನ ಸಾಧು ಮಗು ಅಂತಾರೆ." ರಕ್ತ ಕೊಟ್ಟು ಹೋಗಿ, ಫಲಿತಾಂಶ ಬರುವವರೆಗೆ ಕಾಯುವುದು ಬೇಡ, ಇಬ್ಬರಿಗೂ ಇವತ್ತೇ ಇಂಜೆಕ್ಷನ್ ಎಂದರು. ಸ್ಕ್ಯಾನ್ ಸದ್ಯಕ್ಕೆ ಬೇಡ.

"ಪೂರ್ತಿ ಸರಿ ಹೋಗ್ತಾನಾ?" ಕೇಳಿದ್ದು ಅತ್ತೆ.

"ಬಹಳಷ್ಟು ಮಕ್ಕಳು ಬೇಗ ಚೇತರಿಸ್ಕೊಳ್ತಾರೆ. ಪೂರ್ತಿ ಅಂತ ಈಗ್ಲೇ ಹೇಳಕ್ಕಾಗಲ್ಲ. ನೋಡೋದು, ತಿರುಗೋದು, ನಗೋದು, ಅದೆಲ್ಲ ಬರ್ತಾ ಇದ್ಯಾ ಅಂತ ಗಮನಿಸ್ತಾ ಇರಿ."

ಬಹಳಷ್ಟು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಆ ಪದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಹಳಷ್ಟು ಎಂದರೆ ಎಲ್ಲರೂ ಅಲ್ಲ. ಆ ಪದದ ಹೊರಗೆ ನಿಂತ ಮಕ್ಕಳು ಎಂಥವರು, ಅವರ ತಾಯಂದಿರು ಏನು ತಿಂದಿದ್ದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು, ಮಗು ಅವರ ಎದೆಗೆ ಒರಗಿತ್ತು, ತೊಡೆಯಲ್ಲಿ ಸೂಜಿ ಚುಚ್ಚಿದ ಕಡೆ ಒಂದು ಹತ್ತಿಯ ಉಂಡೆ. ಅವಳು, "ಗೊತ್ತಿದ್ರೆ ಯಾಕತ್ತೆ ಕೇಳ್ಲಿಲ್ಲ?" ಎಂದಳು.

"ಏನಂತ ಕೇಳ್ಲಿ? ನನ್ನ ಕೈ ಅಡುಗೆ ಸೇರಲ್ಲ ನಿನಗೆ ಅಂದ್ಕೊಂಡೆ. ಓದಿದೋಳು, ಬಾಯಿಬಿಟ್ಟು ಹೇಳಲಾರದೆ ಚೆಲ್ತಾಳೆ ಅಂದ್ಕೊಂಡೆ." ಅತ್ತೆ ಮೂಗು ಎಳೆದುಕೊಂಡರು. "ಉಪ್ಪು ಕಡಿಮೆ ಹಾಕಿ ನೋಡ್ದೆ. ಖಾರ ಕಡಿಮೆ ಮಾಡಿ ನೋಡ್ದೆ. ಏನು ಮಾಡಿದ್ರೂ ಕಸದ ಡಬ್ಬಿಗೇ ಹೋಗೋದು."

ಎದುರು ಸೀಟಿನವರು ತಿರುಗಿ ನೋಡಿದರು. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೊಂದನ್ನೇ ಇಳಿಸುತ್ತ ಬಂದಿದ್ದರು.

ಗಂಡ ರಾತ್ರಿ ಗ್ರೀಸು ಮೆತ್ತಿದ ಕೈಯನ್ನು ತೊಳೆಯುವುದನ್ನೂ ಮರೆತು ಎಲ್ಲ ಕೇಳಿದ. "ನನಗಾದ್ರೂ ಹೇಳಬಾರದಾಗಿತ್ತಾ?" ಎಂದ. "ಹೇಳಿದ್ರೆ ನಗ್ತಿದ್ದೆ ನೀನು" ಎಂದಳು. ಅವನು ಇಲ್ಲವೆನ್ನಲಿಲ್ಲ. ಬೈದಿದ್ದರೆ ಅವಳಿಗೆ ಒಂದು ಸಮಾಧಾನವಾದರೂ ಆಗುತ್ತಿತ್ತು. ಅವನು ಎದ್ದು ಹೋಗಿ ಮೊಟ್ಟೆ ಬೇಯಿಸಲು ಇಟ್ಟ, ನೀರು ಬತ್ತಿ ತಳ ಹತ್ತುವವರೆಗೂ ಅಲ್ಲೇ ನಿಂತಿದ್ದ.

ಆಮೇಲೆ ಅವಳು ತಿನ್ನತೊಡಗಿದಳು. ಅತ್ತೆ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ನೋಡುತ್ತಿದ್ದರು. "ಹಾಗೆ ನೋಡಬೇಡಿ ಅತ್ತೆ, ಗಂಟಲಲ್ಲಿ ಇಳಿಯಲ್ಲ" ಎಂದರೆ, "ನಾನೇನು ಪೊಲೀಸಾ? ನಿನ್ನ ಪಾಡಿಗೆ ನೀನು ತಿನ್ನು, ನನ್ನ ಪಾಡಿಗೆ ನಾನು ಕೂತಿದೀನಿ" ಎಂದು ಅಲ್ಲೇ ಕೂರುತ್ತಿದ್ದರು. ಮೊಟ್ಟೆಯ ಹಳದಿ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೀನಿನ ತುಂಡನ್ನು ಕಣ್ಣು ಮುಚ್ಚಿಕೊಂಡು ನುಂಗಿದಳು. ತಿಂದದ್ದು ಈಗ ಎಲ್ಲಿದೆ, ಈಗ ರಕ್ತಕ್ಕೆ ಇಳಿಯಿತೇ, ಈಗ ಹಾಲಾಯಿತೇ ಎಂದು ಹಿಂಬಾಲಿಸುತ್ತಿದ್ದಳು. ತಾನು ಒಬ್ಬ ಹೆಂಗಸಲ್ಲ, ಒಂದು ಕೊಳವೆ, ಈ ತುದಿಯಲ್ಲಿ ಅತ್ತೆ ಸುರಿದರೆ ಆ ತುದಿಯಲ್ಲಿ ಮಗು ಹೀರುತ್ತದೆ ಎಂಬ ಭಾವನೆ ಅವಳಿಗೆ ಬೇಸರವನ್ನೇನೂ ತರಲಿಲ್ಲ. ಅದರಲ್ಲಿ ಒಂದು ನೆಮ್ಮದಿಯೇ ಇತ್ತು. ಕೊಳವೆಯ ಮೇಲೆ ತಪ್ಪು ಹೊರಿಸಲಾಗದು. ಇಂಜೆಕ್ಷನ್ನಿನ ಮೊದಲ ವಾರದಲ್ಲಿ ಮಗುವಿನ ಕೈ ಗಡಗಡ ನಡುಗತೊಡಗಿ ಮನೆಯೆಲ್ಲ ಗಾಬರಿಯಾಯಿತು. ಡಾಕ್ಟರು ಫೋನಿನಲ್ಲಿ, ಹೀಗಾಗುವುದುಂಟು, ತೀರಾ ಹೆಚ್ಚಾದರೆ ಕರೆತನ್ನಿ ಎಂದರು. ನಡುಕ ನಿಧಾನವಾಗಿ ಇಳಿಯಿತು. ಒಂದು ಸಂಜೆ ಮಗು ಹಸಿವಿಗೆ ಕಿರುಚಿತು, ಮೇಲಿನ ಮನೆಯಾಕೆ ಇಣುಕಿ, "ಏನಾಯ್ತು, ದೃಷ್ಟಿ ಬಿತ್ತಾ ನಿಮ್ಮ ದೊರೆಗೆ?" ಎಂದಳು. ಅತ್ತೆ, "ರಾಜ್ಯ ವಾಪಸ್ ಬಂತು ಕಣಮ್ಮ" ಎಂದರು. ಮಗು ಚೆಂಡನ್ನು ನೋಡಿತು, ಬಾಗಿಲನ್ನು ನೋಡಿತು, ತಲೆಯನ್ನು ಕಷ್ಟಪಟ್ಟು ಎತ್ತಿ ತುಸು ಹೊತ್ತು ಹಿಡಿದುಕೊಂಡಿತು. ಆದರೆ ನಗಲಿಲ್ಲ. ಮನೆಯಲ್ಲಿ ಎಲ್ಲರೂ ಅದರ ಮುಖದ ಮುಂದೆ ಸುಳಿದಾಡುವಾಗ ನಡಿಗೆ ನಿಧಾನಮಾಡುತ್ತಿದ್ದರು. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಬಹಳಷ್ಟು ಎಂಬ ಪದ ಊಟದ ಮೇಜಿನ ನಡುವೆ ಉಪ್ಪಿನ ಡಬ್ಬಿಯ ಹಾಗೆ ಕೂತಿತ್ತು.

ಅದು ನಡೆದದ್ದು ಒಂದು ಮಧ್ಯಾಹ್ನ. ಅತ್ತೆ ತರಕಾರಿಗೆ ಹೋಗಿದ್ದರು. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಅವಳು ತೊಳೆದ ಬಟ್ಟೆಗಳನ್ನು ಒಣಹಾಕಲು ಕೊಡವುತ್ತಿದ್ದಳು. ಒದ್ದೆ ಟವಲೊಂದು ಗಾಳಿಯಲ್ಲಿ ಪಟಾರೆಂದಿತು. ಮಗು ತಿರುಗಿತು. ಬರೀ ಕಣ್ಣಲ್ಲ, ಇಡೀ ತಲೆ ತಿರುಗಿತು. ಟವಲನ್ನು ನೋಡಿತು, ಅವಳ ಮುಖ ನೋಡಿತು, ಆಮೇಲೆ ಅದರ ಹೊಟ್ಟೆಯೊಳಗೆ ಎಲ್ಲೋ ಏನೋ ಗುಳುಗುಳು ಎಂದು ಎದ್ದು ಬಂದು ಬಾಯಲ್ಲಿ ನಗುವಾಗಿ ಒಡೆಯಿತು. ದನಿಯೆತ್ತಿದ ನಗು. ಅವಳು ಮತ್ತೆ ಕೊಡವಿದಳು, ಅಷ್ಟೇ ಜೋರಾಗಿ. ಮಗು ಮತ್ತೆ ನಕ್ಕಿತು. ಆಕಸ್ಮಿಕವಲ್ಲ ಹಾಗಾದರೆ. ಎಡಕ್ಕೆ ಸರಿದು ಕೊಡವಿದಳು. ಎಡಕ್ಕೆ ತಿರುಗಿ ನಕ್ಕಿತು. ಹಿಂದಕ್ಕೆ ಹೋಗಿ, ಕಾಣಿಸದಂತೆ, ಸ್ವಲ್ಪ ಮೆಲ್ಲಗೆ. ತಿರುಗಲು ಒದ್ದಾಡಿ, ಕಂಡ ಮೇಲೆ ನಕ್ಕಿತು. ಇನ್ನೂ ಮೆಲ್ಲಗೆ. ಎಷ್ಟು ಹೊತ್ತಿಗೆ ತಿರುಗುತ್ತದೆ, ಎರಡೂ ಬದಿಗೆ ಸಮವಾಗಿ ತಿರುಗುತ್ತದೆಯೇ, ಬಾಯಿ ಎರಡೂ ಕಡೆ ಒಂದೇ ಸಮ ಅರಳುತ್ತದೆಯೇ, ಅವಳು ಎಲ್ಲವನ್ನೂ ನೋಡಿದಳು. ಪರೀಕ್ಷೆಯ ಕೋಣೆಯಲ್ಲಿ ಮುಖದ ಮೇಲೆ ಯಾವ ಭಾವವನ್ನೂ ತೋರಿಸಬಾರದು. ಇಲ್ಲವಾದರೆ ಮಗು ಸದ್ದನ್ನು ಬಿಟ್ಟು ನಿಮ್ಮ ಮುಖ ಓದುತ್ತದೆ, ಫಲಿತಾಂಶ ಕೆಡುತ್ತದೆ. ವರ್ಷಗಳ ಅಭ್ಯಾಸ. ತನ್ನ ಮುಖ ಹೇಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ, ಮಗುವಿನ ನಗು ನಿಧಾನವಾಗುವವರೆಗೆ. ಅದು ನಗುತ್ತ ನಗುತ್ತ ಅವಳ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ಕಣ್ಣಿನಿಂದ ಬಾಯಿಗೆ, ಬಾಯಿಯಿಂದ ಕಣ್ಣಿಗೆ. ನಗು ಅರ್ಧಕ್ಕೆ ನಿಂತಿತು. ಮತ್ತೊಮ್ಮೆ ಸಣ್ಣಗೆ ನಕ್ಕು ನೋಡಿತು, ಬಾಗಿಲು ತಟ್ಟಿದವರು ಹೊರಡುವ ಮುಂಚೆ ಇನ್ನೊಂದು ಸಲ ತಟ್ಟಿ ನೋಡುವ ಹಾಗೆ. ಕೆಳತುಟಿ ಮುಂದೆ ಬಂತು. ಅಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತು.

ಆಗ ಅವಳು ನಕ್ಕಳು. ಟವಲನ್ನು ಎಸೆದು ಚಾಪೆಯ ಮೇಲೆ ಮೊಣಕಾಲೂರಿ, ಕಂದಾ, ನೋಡಿಲ್ಲಿ, ನಾನು ಇಲ್ಲಿದೀನಿ ಎಂದು ಜೋರಾಗಿ ನಕ್ಕಳು. ತಡವಾಗಿ ಬಂದ ನಗು ತನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಮಗು ಗೋಡೆಯ ಮೇಲಿನ ಬಿಸಿಲಿನ ಚೂರನ್ನು ನೋಡುತ್ತಿತ್ತು. ಅದಕ್ಕೆ ಕೇಳಿಸುತ್ತಿದೆ, ಕೇಳಿಸಿದ್ದು ತಿಳಿಯುತ್ತಿದೆ, ಬೇಡವೆನಿಸಿದ್ದರಿಂದ ತಿರುಗುತ್ತಿಲ್ಲ. ಅಷ್ಟೂ ಅವಳಿಗೆ ಸ್ಪಷ್ಟವಾಗಿತ್ತು. ಬೇಡವೆನ್ನುವುದಕ್ಕೂ ಮೆದುಳು ಬೇಕು. ಈ ಯೋಚನೆಗೆ ಸಂತೋಷ ಪಡಬೇಕೆಂದು ತಿಳಿದೂ ಚಾಪೆಯ ಮೇಲೆ ಹಾಗೇ ಕೂತಿದ್ದಳು.

ಸಂಜೆ ಅವಳು ಬಚ್ಚಲಲ್ಲಿದ್ದಾಗ ಅತ್ತೆಯ ಕೂಗು ಕೇಳಿಸಿತು. "ಏ, ಬಾರೇ ಬೇಗ! ಎಲ್ಲಿ ಸತ್ತೋದೆ, ಬಾ ಇಲ್ಲಿ!" ಓಡಿ ಬಂದರೆ ಅತ್ತೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು, ಮಡಿಲಲ್ಲಿ ಮಗು, ಅವರ ಕಣ್ಣಲ್ಲಿ ನೀರು. "ಸೀನು ಬಂತು ಕಣೇ ನನಗೆ, ಮೆಣಸಿನ ಘಾಟಿಗೆ. ಆಕ್ಷೀ ಅಂದೆ ನೋಡು, ನಕ್ಕುಬಿಟ್ಟ! ಕಿಲಕಿಲ ಅಂತ!" ಇನ್ನೊಂದು ಸಲ ಸುಳ್ಳೇ ಸೀನಿದರು. ಮಗು ಕಾಲು ಬಡಿಯುತ್ತ ನಕ್ಕಿತು. ಆ ನಗು ಮಧ್ಯಾಹ್ನದ್ದಕ್ಕಿಂತ ದೊಡ್ಡದಾಗಿತ್ತು, ಅತ್ತೆಯ ಮುಖದಿಂದ ಮಗುವಿನ ಮುಖಕ್ಕೂ ಮಗುವಿನ ಮುಖದಿಂದ ಅತ್ತೆಯ ಮುಖಕ್ಕೂ ಓಡಾಡುತ್ತಿತ್ತು. ಅಷ್ಟರಲ್ಲಿ ಬಂದ ಗಂಡ, ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತುಬಿಟ್ಟ. "ನೋಡೋ, ನಿನ್ನ ಮಗನ ಮೊದಲನೇ ನಗು! ನನ್ನ ಸೀನಿಗೆ!" ಎಂದರು ಅತ್ತೆ. ಆಮೇಲೆ ಏನೋ ಹೊಳೆದವರಂತೆ ಅವಳ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದಲೇ, "ಇದೇ ಮೊದಲು ಅಲ್ವೇನೇ? ನೀನು ಮುಂಚೆ ಕೇಳಿಲ್ಲ ತಾನೆ?" ಎಂದರು.

ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಡ ಅವಳನ್ನು ನೋಡುತ್ತಿದ್ದ. ಡಾಕ್ಟರೂ ಮುಂದಿನ ವಾರ ಇದನ್ನೇ ಕೇಳುತ್ತಾರೆ, ಯಾವಾಗ ನಕ್ಕ, ಯಾರನ್ನು ನೋಡಿ ನಕ್ಕ ಎಂದು. ಮಗು ಈಗ ಅವಳ ಕಡೆಗೂ ಒಮ್ಮೆ ನೋಡಿತು, ನಗುವನ್ನು ಇನ್ನೂ ಬಾಯಲ್ಲೇ ಇಟ್ಟುಕೊಂಡು, ಕೊಡಲೋ ಬೇಡವೋ ಎಂದು ಅನುಮಾನಿಸುವ ಹಾಗೆ. ಅವಳು ಮೊದಲು ಅದಕ್ಕೆ ನಕ್ಕಳು.

"ಇಲ್ಲ ಅತ್ತೆ," ಎಂದಳು. "ಇದೇ ಮೊದಲು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೊಂದು ಸೀನಿಗೆ ಮೂಗು ಸಿದ್ಧಮಾಡಿಕೊಂಡರು. ಮಧ್ಯಾಹ್ನದ್ದನ್ನು ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗೂ ಇಲ್ಲ, ಗಂಡನಿಗೂ ಇಲ್ಲ, ಮುಂದೆ ಮಾತು ಬಂದು ಈ ಮಗುವೇ ಕೇಳಿದರೂ ಇಲ್ಲ ಎಂದು ಅವಳು ಅಲ್ಲಿ ನಿಂತಲ್ಲೇ ನಿರ್ಧರಿಸಿದಳು.